ದಾನಿಯ ಪಾಸ್‌ಪೋರ್ಟ್ ಯಾವ ದೇಶದ್ದು?

ಆನ್‌ಲೈನ್ ಸಹಾಯಾರ್ಥ ಕಾರ್ಯಕ್ರಮ ಗೆಲ್ಲುವುದು ಹೇಗೆ ಎಂಬ ಮಾತು ಶುರುವಾದರೆ ಸಾಕು, ನಿರೂಪಕರು ಯಾರು, ಹಾಡುವವರು ಯಾರು, ಹರಾಜಿಗೆ ಏನಿಡಬೇಕು ಎಂಬಲ್ಲಿಗೇ ಚರ್ಚೆ ಮುಗಿಯುತ್ತದೆ. ಬೆಂಗಳೂರಿನ ಬೆನ್ಸನ್ ಟೌನ್, ರಿಚರ್ಡ್ಸ್ ಟೌನ್, ಫ್ರೇಜರ್ ಟೌನ್ ಕಡೆಯ ಶಾಲೆ, ಟ್ರಸ್ಟ್‌ಗಳ ಮಟ್ಟಿಗೆ ಇವೆಲ್ಲ ಆಮೇಲಿನ ಮಾತು. ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ದುಡ್ಡು ಕಳಿಸುವವರ ಪಾಸ್‌ಪೋರ್ಟ್ ಯಾವ ದೇಶದ್ದು? ನೋಂದಣಿ ಫಾರಂನಲ್ಲೇ ಇದನ್ನು ಕೇಳದ ಕಾರ್ಯಕ್ರಮ ಎಷ್ಟೇ ಕಳೆಗಟ್ಟಿದರೂ ಸಂಸ್ಥೆಗೆ ಲಾಭಕ್ಕಿಂತ ತಲೆನೋವೇ ಹೆಚ್ಚು.

ಪಾಸ್‌ಪೋರ್ಟ್‌ನ ಮಾತು ಏಕೆ ಬಂತೆಂದರೆ, ಊರಿನ ದಾನಿಗೆ ತೆರಿಗೆಯ ಆಸೆ ತೋರಿಸುವುದು ಈಗ ನಡೆಯುವುದಿಲ್ಲ. 2025ರ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಸಂಸ್ಥೆಗಳ ಲೆಕ್ಕಪತ್ರ ನೋಡುವವರೆಲ್ಲ ದಾನಕ್ಕೆ ತೆರಿಗೆ ವಿನಾಯಿತಿ ಕೊಡುತ್ತಿದ್ದ ಹಳೆಯ 80ಜಿ ಸೆಕ್ಷನ್‌ಗೆ ಹೊಸ ಕಾಯ್ದೆಯಲ್ಲಿ ಯಾವ ಸಂಖ್ಯೆ ಎಂದು ಹುಡುಕುವುದರಲ್ಲಿ ಮುಳುಗಿದ್ದಾರೆ. ಸಂಖ್ಯೆ ಯಾವುದಾದರೇನು? 2024ರ ಜುಲೈ 31ರವರೆಗೆ ಸಲ್ಲಿಕೆಯಾದ 7.28 ಕೋಟಿ ರಿಟರ್ನ್‌ಗಳಲ್ಲಿ 5.27 ಕೋಟಿ, ಅಂದರೆ ಶೇ 72ರಷ್ಟು, ಹೊಸ ತೆರಿಗೆ ಪದ್ಧತಿಯವು. ಆ ಪದ್ಧತಿಯಲ್ಲಿ ದಾನಕ್ಕೆ ವಿನಾಯಿತಿಯೇ ಇಲ್ಲ. ‘ತೆರಿಗೆ ವಿನಾಯಿತಿ ಉಂಟು’ ಎಂದು ಆಮಂತ್ರಣದಲ್ಲಿ ದಪ್ಪಕ್ಷರದಲ್ಲಿ ಹಾಕಿದರೆ ಹೆಚ್ಚುಕಡಿಮೆ ನಾಲ್ವರಲ್ಲಿ ಮೂವರಿಗೆ ಅದರಿಂದ ನಯಾಪೈಸೆ ಉಪಯೋಗವಿಲ್ಲ.

ಊರಿನ ದಾನಿಗೆ ಆಸೆ ತೋರಿಸಲು ಏನೂ ಉಳಿದಿಲ್ಲ ಎಂದಾದ ಮೇಲೆ ಸಂಘಟಕರ ಕಣ್ಣು ಹೊರದೇಶದ ಹಳೆಯ ವಿದ್ಯಾರ್ಥಿಗಳ ಮೇಲೆ ಬೀಳುವುದು ಸಹಜ. ದಂಡು ಪ್ರದೇಶಕ್ಕೆ ಅವರೇನು ಕಡಿಮೆಯೇ? 1865ರ ಬಿಷಪ್ ಕಾಟನ್, 1880ರ ಬಾಲ್ಡ್‌ವಿನ್, 1914ರ ಕ್ಲಾರೆನ್ಸ್ ಇರುವ ಸೀಮೆಯಿದು. ಸ್ವಾತಂತ್ರ್ಯದ ನಂತರ ಆಂಗ್ಲೋ ಇಂಡಿಯನ್ ಕುಟುಂಬಗಳು ಇಂಗ್ಲೆಂಡ್, ಆಸ್ಟ್ರೇಲಿಯಾ, ಕೆನಡಾಗೆ ಹೋದವು. ಅವರ ಹಿಂದೆ ಎಂಜಿನಿಯರುಗಳು, ವೈದ್ಯರು ಹೋದರು. ಶನಿವಾರ ಸಂಜೆ ಏಳೂವರೆಗೆ ಇಲ್ಲಿ ಕಾರ್ಯಕ್ರಮ ಶುರುವಾದರೆ ಟೊರಾಂಟೊದವರು ಬೆಳಗಿನ ಕಾಫಿ ಹಿಡಿದು ಕೂರುತ್ತಾರೆ, ಮೆಲ್ಬರ್ನ್‌ನವರು ನಡುರಾತ್ರಿಯಾದರೂ ಎದ್ದಿರುತ್ತಾರೆ. ಚಾಟ್‌ನಲ್ಲಿ ಹಳೆಯ ಮಿಸ್‌ಗಳ ಹೆಸರು ಓಡುತ್ತದೆ, ಪರದೆಯ ಮೂಲೆಯಲ್ಲಿ ಕ್ಯುಆರ್ ಕೋಡ್ ಇರುತ್ತದೆ. ತೊಂದರೆ ಶುರುವಾಗುವುದು ಆ ಕೋಡ್‌ನಿಂದಲೇ.

ಯಾರೂ ಗಮನಿಸದ ಅಂಕಿ ಇಲ್ಲಿದೆ. 2022ರಲ್ಲಿ 2,25,620 ಮಂದಿ ಭಾರತದ ಪೌರತ್ವ ಬಿಟ್ಟರು. 2023ರಲ್ಲಿ 2,16,219. ಸಂಸತ್ತಿನಲ್ಲಿ ಸರ್ಕಾರವೇ ಕೊಟ್ಟ ಲೆಕ್ಕದಂತೆ 2011ರಿಂದ 2022ರವರೆಗೆ ಹೀಗೆ ಬಿಟ್ಟವರು 16 ಲಕ್ಷಕ್ಕೂ ಹೆಚ್ಚು. ನಮ್ಮಲ್ಲಿ ದ್ವಿಪೌರತ್ವ ಇಲ್ಲವಾದ್ದರಿಂದ ಬೇರೆ ದೇಶದ ಪೌರತ್ವ ಪಡೆದ ದಿನವೇ ಆ ಹಳೆಯ ವಿದ್ಯಾರ್ಥಿ ಕಾನೂನಿನ ಕಣ್ಣಿಗೆ ವಿದೇಶಿ. ಕೈಯಲ್ಲಿ ಒಸಿಐ (ಸಾಗರೋತ್ತರ ಭಾರತೀಯ ಪೌರ) ಕಾರ್ಡ್ ಇದ್ದರೂ ಅಷ್ಟೇ. 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ಪ್ರಕಾರ ಆತ ಕೊಡುವ ಐದು ಸಾವಿರ ರೂಪಾಯಿಯೂ ವಿದೇಶಿ ದೇಣಿಗೆಯೇ; ಆ ಕಾಯ್ದೆಯಡಿ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದ ಸಂಸ್ಥೆ ಅದನ್ನು ಪಡೆಯುವಂತಿಲ್ಲ.

ರೂಪಾಯಿಯಲ್ಲಿ ಕೊಟ್ಟರೆ ತೊಂದರೆಯಿಲ್ಲ ಎಂದು ನಂಬಿದವರು ಬಹಳ. ತಪ್ಪು. ಕಾನೂನು ನೋಡುವುದು ಕೊಟ್ಟವರನ್ನು, ಕರೆನ್ಸಿಯನ್ನಲ್ಲ. ಒಂದೇ ಬೆಂಚಿನಲ್ಲಿ ಕೂತು ಓದಿದ ಇಬ್ಬರನ್ನು ಗಮನಿಸಿ. ದುಬೈನಲ್ಲಿದ್ದು ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡವರು ದಿರ್ಹಮ್‌ನಲ್ಲಿ ದುಡಿದು ಬ್ಯಾಂಕ್ ಮೂಲಕ ಕಳಿಸಿದರೆ ಅದು ದೇಶಿ ದಾನ. ಕೆನಡಾದ ಪ್ರಜೆಯಾದವರು ರಜೆಗೆ ಬಂದು, ಕಾಕ್ಸ್ ಟೌನ್‌ನ ತಾಯಿಯ ಮನೆಯಲ್ಲಿ ಕೂತು, ಅನಿವಾಸಿಗಳಿಗೆಂದೇ ಇರುವ ತಮ್ಮ ಎನ್‌ಆರ್‌ಒ ರೂಪಾಯಿ ಖಾತೆಯಿಂದ ಕ್ಯುಆರ್ ಸ್ಕ್ಯಾನ್ ಮಾಡಿದರೆ ಅದು ವಿದೇಶಿ. 2023ರಿಂದ ಕೆನಡಾ, ಆಸ್ಟ್ರೇಲಿಯಾ, ಅಮೆರಿಕ ಸೇರಿ ಹತ್ತು ದೇಶಗಳ ಮೊಬೈಲ್ ನಂಬರ್‌ಗೂ ಯುಪಿಐ ಸಿಕ್ಕಿತು. ದುಡ್ಡು ಬರುವುದು ಸಲೀಸಾಯಿತು, ಯಾರದ್ದೆಂದು ಗೊತ್ತಾಗುವುದು ಕಷ್ಟವಾಯಿತು. ಕಾಯ್ದೆ ಉಲ್ಲಂಘಿಸಿದರೆ ಐದು ವರ್ಷದವರೆಗೆ ಜೈಲು ವಿಧಿಸಲು ಅವಕಾಶವಿದೆ. ಇನ್ನೂ ವಿಚಿತ್ರವೆಂದರೆ, ವಿದೇಶಿ ವಿದ್ಯಾರ್ಥಿ ಶಾಲೆಗೆ ಕಟ್ಟುವ ಫೀಸನ್ನು ಇದೇ ಕಾಯ್ದೆ ದೇಣಿಗೆ ಎಂದು ಎಣಿಸುವುದಿಲ್ಲ. ಓದುವಾಗ ಕೊಟ್ಟರೆ ಅಡ್ಡಿಯಿಲ್ಲ, ಓದಿ ಹೋದ ಋಣಕ್ಕೆ ಕೊಟ್ಟರೆ ಗೃಹ ಸಚಿವಾಲಯದ ವ್ಯವಹಾರ!

ಇದಕ್ಕೆ ಎದುರುತ್ತರವಾಗಿ ಶಾಲೆಗಳಿಗೆ ಬಿಸಿಯೂಟ ಒದಗಿಸುವ ಅಕ್ಷಯ ಪಾತ್ರ ಸಂಸ್ಥೆಯ ಹೆಸರು ಬರುತ್ತದೆ. 2020ರಲ್ಲಿ ಅದರ ಟೆಕ್ಸಾಸ್ ಬಳಗ ನಡೆಸಿದ ವರ್ಚುವಲ್ ಗಾಲಾದಲ್ಲಿ 9.5 ಲಕ್ಷ ಡಾಲರ್ ಸೇರಿತಲ್ಲ ಎನ್ನುತ್ತಾರೆ. ಸೇರಿತು, ಆದರೆ ಹೇಗೆ? ಹಣ ಪಡೆದದ್ದು ಅಮೆರಿಕದಲ್ಲೇ ನೋಂದಣಿಯಾದ ಸಂಸ್ಥೆ. ದಾನಿಗೆ ಅಲ್ಲಿಯ ತೆರಿಗೆ ವಿನಾಯಿತಿಯೇ ಸಿಕ್ಕಿತು. ಬೆಂಗಳೂರಿನ ಮಾತೃಸಂಸ್ಥೆಗೆ ಎಫ್‌ಸಿಆರ್‌ಎ ನೋಂದಣಿ ಇತ್ತು. ತೆರೆಯ ಮೇಲಿನ ಸಂಜೆಯನ್ನು ನಕಲು ಮಾಡುವವರು ಅದರ ಹಿಂದಿರುವ ಈ ಏರ್ಪಾಡನ್ನು ನೋಡುವುದೇ ಇಲ್ಲ.

ಹಾಗಾದರೆ ನೋಂದಣಿ ಮಾಡಿಸಿಕೊಳ್ಳಿ ಎನ್ನುವುದು ಸುಲಭ. ಅದಕ್ಕೆ ಸಂಸ್ಥೆಗೆ ಮೂರು ವರ್ಷ ತುಂಬಿರಬೇಕು, ಆ ಅವಧಿಯಲ್ಲಿ ಮೂಲ ಉದ್ದೇಶಕ್ಕೆ ಕನಿಷ್ಠ 15 ಲಕ್ಷ ರೂಪಾಯಿ ಖರ್ಚಾಗಿರಬೇಕು. ಮೊದಲ ಜಮೆ ದೆಹಲಿಯ ಸಂಸದ್ ಮಾರ್ಗದ ಎಸ್‌ಬಿಐ ಶಾಖೆಗೇ ಆಗಬೇಕು. ಆಡಳಿತ ವೆಚ್ಚ ಶೇ 20 ಮೀರುವಂತಿಲ್ಲ. ಐದು ವರ್ಷಕ್ಕೊಮ್ಮೆ ನವೀಕರಣ. ಇದುವರೆಗೆ 20 ಸಾವಿರಕ್ಕೂ ಹೆಚ್ಚು ಸಂಸ್ಥೆಗಳ ನೋಂದಣಿ ರದ್ದಾಗಿದೆ. ಮೊದಲು ಒಂದು ಒಳದಾರಿ ಇತ್ತು: ನೋಂದಣಿ ಇರುವ ದೊಡ್ಡ ಸಂಸ್ಥೆ ಹಣ ಪಡೆದು, ನೋಂದಣಿ ಇದ್ದ ಚಿಕ್ಕ ಸಂಸ್ಥೆಗಳಿಗೆ ಹಂಚುತ್ತಿತ್ತು. 2020ರ ತಿದ್ದುಪಡಿ ಆ ಹಂಚಿಕೆಯನ್ನೂ ನಿಲ್ಲಿಸಿತು. ಇನ್ನು ಪೂರ್ವಾನುಮತಿಯ ಮಾರ್ಗ ಇರುವುದು ನಿರ್ದಿಷ್ಟ ದಾನಿ, ನಿರ್ದಿಷ್ಟ ಕೆಲಸಕ್ಕೆ. ಒಂದೇ ಸಂಜೆ ಇನ್ನೂರು ಮಂದಿ ಕೊಡುವ ಸಾವಿರ, ಎರಡು ಸಾವಿರಕ್ಕೆ ಅದು ಹೊಂದುವುದಿಲ್ಲ.

ಆದ್ದರಿಂದ ಸಣ್ಣ ಸಂಸ್ಥೆಗಳು ಮಾಡಬೇಕಾದದ್ದು ಸ್ಪಷ್ಟ. ನೋಂದಣಿ ಫಾರಂನಲ್ಲಿ ವಾಸದ ದೇಶವನ್ನಷ್ಟೇ ಕೇಳಿ ಸುಮ್ಮನಾಗಬೇಡಿ, ಪೌರತ್ವ ಕೇಳಿ. ಪರದೆಯ ಮೇಲೆ ಎಲ್ಲರಿಗೂ ಕಾಣುವ ಕ್ಯುಆರ್ ತೆಗೆಯಿರಿ. ಭಾರತದ ಪೌರತ್ವ ಘೋಷಿಸಿದವರಿಗೆ ಮಾತ್ರ ಹಣ ಪಾವತಿಯ ಲಿಂಕ್ ಕಳಿಸಿ. ವಿದೇಶಿ ಪ್ರಜೆಗಳನ್ನು ಹಾಡಿಗೆ, ಹರಟೆಗೆ, ಮಕ್ಕಳಿಗೆ ಪಾಠ ಹೇಳುವುದಕ್ಕೆ ಕರೆಯಿರಿ, ಹಣಕ್ಕಲ್ಲ. ಹಣವನ್ನು ಇಲ್ಲಿಯವರಿಂದ, ಯುಪಿಐ ಆಟೋಪೇ ಮೂಲಕ ತಿಂಗಳು ತಿಂಗಳು ಕೇಳಿ. ತೆರಿಗೆ ಉಳಿಯದಿದ್ದರೆ ಯಾರು ಕೊಡುತ್ತಾರೆ ಎನ್ನುವವರು ರಂಜಾನ್ ತಿಂಗಳಲ್ಲಿ ಮಿಲ್ಲರ್ಸ್ ರಸ್ತೆಯ ಖುದ್ದೂಸ್ ಸಾಹೇಬ್ ಈದ್ಗಾದ ಸುತ್ತ ಒಮ್ಮೆ ಓಡಾಡಲಿ. ಜಕಾತ್ ಕೊಡುವವರು ಸೆಕ್ಷನ್ ಸಂಖ್ಯೆ ಕೇಳುವುದಿಲ್ಲ.

ಯಾರನ್ನು ಕೇಳಬಾರದು ಎಂಬುದಕ್ಕೂ ನಮ್ಮ ರಾಜ್ಯದಲ್ಲೇ ನಿದರ್ಶನವಿದೆ. 2022ರ ಅಕ್ಟೋಬರ್‌ನಲ್ಲಿ ಸರ್ಕಾರಿ ಶಾಲೆಗಳ ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಲು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿಗೆ (ಎಸ್‌ಡಿಎಂಸಿ) ಅವಕಾಶ ಕೊಟ್ಟ ಸುತ್ತೋಲೆ ಕೆಲವೇ ದಿನಗಳಲ್ಲಿ ವಾಪಸಾಯಿತು. ಸ್ವಇಚ್ಛೆಯ ದೇಣಿಗೆ ಎಂದರೂ ಜನ ಒಪ್ಪಲಿಲ್ಲ. ಮಗುವನ್ನು ಶಾಲೆಯ ಕೈಗೆ ಒಪ್ಪಿಸಿದ ಪೋಷಕರು ‘ಇಲ್ಲ’ ಎನ್ನುವ ಸ್ಥಿತಿಯಲ್ಲಿರುವುದಿಲ್ಲ.

ಕೇಂದ್ರ ಗೃಹ ಸಚಿವಾಲಯಕ್ಕೂ ಒಂದು ಮಾತು. 2022ರ ಜುಲೈನಲ್ಲಿ ಅದು ತಾನೇ ನಿಯಮ ಸಡಿಲಿಸಿ, ವಿದೇಶದ ಸಂಬಂಧಿಕರಿಂದ ವರ್ಷಕ್ಕೆ 10 ಲಕ್ಷ ರೂಪಾಯಿವರೆಗೆ ಪಡೆದರೆ ಸರ್ಕಾರಕ್ಕೆ ತಿಳಿಸುವ ಅಗತ್ಯವೂ ಇಲ್ಲ ಎಂದಿತು. ಅಲ್ಲಿಯವರೆಗೆ ಮಿತಿ ಒಂದು ಲಕ್ಷವಿತ್ತು. ಅಣ್ಣನಿಂದ ಬರುವ ಹತ್ತು ಲಕ್ಷವನ್ನು ನಂಬಬಹುದಾದರೆ, ಹಳೆಯ ವಿದ್ಯಾರ್ಥಿ ತನ್ನ ಶಾಲೆಯ ಗ್ರಂಥಾಲಯಕ್ಕೆ ಕೊಡುವ ಐದು ಸಾವಿರಕ್ಕೂ ಒಂದು ಮಿತಿ ಹಾಕಿ, ವರ್ಷಕ್ಕೊಂದು ವಿವರ ಪಡೆದು ಬಿಡಬಹುದು. ಹಳೆಯ ವಿದ್ಯಾರ್ಥಿಗಳ ಸಂಘಗಳು ಮುಂದಿನ ಕಾರ್ಯಕ್ರಮಕ್ಕೆ ಗಾಯಕರನ್ನು ಗೊತ್ತು ಮಾಡುವ ಮುಂಚೆ ಈ ಬೇಡಿಕೆಯ ಪತ್ರಕ್ಕೆ ಸಹಿ ಸಂಗ್ರಹಿಸಲಿ. ಸಹಿ ಹಾಕಲು ವಿದೇಶಿ ಪಾಸ್‌ಪೋರ್ಟ್ ಅಡ್ಡಿಯಾಗದು.