ರಸ್ತೆ ತಡೆದ ಕೇಸು, ಆರು ಹೆಣ, ಒಬ್ಬ ಸೆನೆಟರ್

ನಮ್ಮ ಅಧ್ಯಯನ ಶಿಬಿರಗಳಲ್ಲಿ ಅಮೆರಿಕದ ಕತೆಯನ್ನ ಹೇಗೆ ಹೇಳ್ತೀವಿ ನೋಡಿ. ಲಿಂಕನ್ ಗುಲಾಮಗಿರಿ ರದ್ದು ಮಾಡಿದ. ಆಮೇಲೆ ಮಾರ್ಟಿನ್ ಲೂಥರ್ ಕಿಂಗ್ ಬಂದ. ಆಮೇಲೆ ಒಬಾಮಾ. ಮುಗೀತು. ಲಿಂಕನ್‌ಗೂ ಕಿಂಗ್‌ಗೂ ನಡುವಿನ ನೂರು ವರ್ಷ ಎಲ್ಲಿ ಹೋಯ್ತು ಅಂತ ಯಾರೂ ಕೇಳಲ್ಲ. ಆ ನೂರು ವರ್ಷ ಎಲ್ಲಿ ಹೋಯ್ತು ಅಂತ ತಿಳೀಬೇಕಾದ್ರೆ ಮ್ಯಾಥ್ಯೂ ಬಟ್ಲರ್ ಅನ್ನೋ ಒಬ್ಬ ಮನುಷ್ಯನ ಬದುಕನ್ನ ಓದಿದ್ರೆ ಸಾಕು.

ಇವನ ಬಯೋಡೇಟಾ ಭಾರೀ ಚೆನ್ನಾಗಿದೆ. 1836ರಲ್ಲಿ ದಕ್ಷಿಣ ಕೆರೊಲಿನಾದಲ್ಲಿ ಹುಟ್ಟಿದ. ಚಿಕ್ಕಪ್ಪ ಸೆನೆಟರ್, ಹೆಣ್ಣು ಕೊಟ್ಟ ಮಾವ ಗವರ್ನರ್. ಇವನು ವಕೀಲ, ಶಾಸಕ. ಅಂತರ್ಯುದ್ಧದಲ್ಲಿ ಗುಲಾಮಗಿರಿ ಉಳಿಸೋಕೆ ಹೊರಟ ದಕ್ಷಿಣದ ಸೇನೆಯ ಅಶ್ವದಳದಲ್ಲಿ ಅಧಿಕಾರಿ. 1863ರಲ್ಲಿ ಬ್ರಾಂಡಿ ಸ್ಟೇಷನ್ ಕದನದಲ್ಲಿ ಬಲಗಾಲಿನ ಪಾದ ಹೋಯ್ತು. ಆದ್ರೂ ವಾಪಸ್ ಬಂದು ಮೇಜರ್ ಜನರಲ್ ಆದ. 1877ರಿಂದ 1895ರವರೆಗೆ, 18 ವರ್ಷ, ಅಮೆರಿಕದ ಸೆನೆಟರ್. 'ವೀರ, ಸಜ್ಜನ, ಮುತ್ಸದ್ದಿ' ಅಂತ ಬರೆಯೋಕೆ ಇನ್ನೇನು ಬೇಕು?

ಈ ಬಯೋಡೇಟಾದಲ್ಲಿ ಜನರಲ್ ಆಗಿದ್ದಕ್ಕೂ ಸೆನೆಟರ್ ಆಗಿದ್ದಕ್ಕೂ ನಡುವೆ ಒಂದು ತಾರೀಕಿದೆ. 1876ರ ಜುಲೈ 8. ಅದನ್ನ ದಾಟಿ ಓದಬೇಡಿ, ಅಲ್ಲೇ ನಿಲ್ಲಿ.

ಸವನ್ನಾ ನದಿ ದಂಡೆಯಲ್ಲಿ ಹ್ಯಾಂಬರ್ಗ್ ಅಂತ ಒಂದು ಸಣ್ಣ ಊರು. ವ್ಯಾಪಾರ ಬಿದ್ದುಹೋಗಿ ಬಿಳಿಯರು ಬಿಟ್ಟ ಆ ಊರಲ್ಲಿ ಗುಲಾಮಗಿರಿಯಿಂದ ಬಿಡುಗಡೆ ಆದವರು ಬಂದು ನೆಲೆ ನಿಂತರು. ಪೊಲೀಸು ಕಪ್ಪು ಮನುಷ್ಯ. ನ್ಯಾಯಾಧೀಶ ಪ್ರಿನ್ಸ್ ರಿವರ್ಸ್ ಕೂಡ ಕಪ್ಪು ಮನುಷ್ಯ. ರಿವರ್ಸ್ ಒಂದು ಕಾಲದಲ್ಲಿ ಒಡೆಯನ ಸಾರೋಟು ಓಡಿಸ್ತಿದ್ದ ಗುಲಾಮ. ತಪ್ಪಿಸಿಕೊಂಡು ಬಂದು ಉತ್ತರದ ಸೇನೆ ಸೇರಿ ಸಾರ್ಜೆಂಟ್ ಆದವನು, 1868ರಲ್ಲಿ ಆ ರಾಜ್ಯದ ಹೊಸ ಸಂವಿಧಾನ ಬರೆದ ಸಭೆಯಲ್ಲಿ ಕೂತವನು. ಆ ಸಂವಿಧಾನದ ಮೇಲೆ ಆಯ್ಕೆಯಾದ ಕೆಳಮನೆಯಲ್ಲಿ ಕಪ್ಪು ಜನರದ್ದೇ ಬಹುಮತ. ಬಟ್ಲರ್‌ನಂಥವರಿಗೆ ಸಹಿಸೋಕೆ ಆಗದೇ ಇದ್ದದ್ದು ಇದೇ.

1876ರ ಜುಲೈ 4. ಅಮೆರಿಕದ ಸ್ವಾತಂತ್ರ್ಯಕ್ಕೆ ನೂರು ವರ್ಷ. ಊರಿನ ಕಪ್ಪು ಯುವಕರ ಸರ್ಕಾರಿ ನಾಗರಿಕ ಪಡೆ ಬೀದಿಯಲ್ಲಿ ಕವಾಯತು ಮಾಡ್ತಿತ್ತು. ಕುದುರೆ ಗಾಡಿಯಲ್ಲಿ ಬಂದ ಇಬ್ಬರು ಬಿಳಿ ಯುವಕರು ದಾರಿ ಬಿಡಿ ಅಂದ್ರು. ಮಾತಿಗೆ ಮಾತು ಬೆಳೀತು. ಕೊನೆಗೆ ಪಡೆಯವರೇ ದಾರಿ ಬಿಟ್ರು, ಗಾಡಿ ಹೋಯ್ತು. ಅಷ್ಟೇ ನಡೆದದ್ದು. ಆದ್ರೆ ಕೇಸು ಬಿತ್ತು. ಏನಂತ? ಸಾರ್ವಜನಿಕ ರಸ್ತೆಗೆ ಅಡ್ಡಿ ಮಾಡಿದ್ರು ಅಂತ!

ಬೀದಿಯಲ್ಲಿ ತಲೆ ಎತ್ತಿ ನಡೆದದ್ದಕ್ಕೆ ಕೇಸು. ನಮ್ಮವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಜುಲೈ 8ಕ್ಕೆ ವಿಚಾರಣೆ. ಬಿಳಿಯರ ವಕೀಲನಾಗಿ ಬಂದವನು ಬಟ್ಲರ್. ವಕೀಲನಾಗಿ ಬಂದವನು ವಾದ ಮಾಡಬೇಕಿತ್ತು. ಇವನಿಟ್ಟ ಬೇಡಿಕೆ, ಪಡೆಯವರು ಬಂದೂಕು ಒಪ್ಪಿಸಬೇಕು ಅಂತ. ಅವು ಸರ್ಕಾರ ಕೊಟ್ಟ ಬಂದೂಕು. ಕೇಳೋಕೆ ಇವನ್ಯಾರು? ಆ ದಿನ ಅವನಿಗೆ ಯಾವ ಸರ್ಕಾರಿ ಅಧಿಕಾರವೂ ಇರಲಿಲ್ಲ. ಬೆನ್ನ ಹಿಂದೆ ಆಯುಧ ಹಿಡಿದ ಬಿಳಿಯರ ದಂಡಿತ್ತು, ಅಷ್ಟೇ.

ಪಡೆಯವರು ಒಪ್ಪಲಿಲ್ಲ. ತಮ್ಮ ಆಯುಧದ ಕಟ್ಟಡದೊಳಗೆ ಸೇರಿಕೊಂಡ್ರು. ಗುಂಡು ಹಾರಿತು, ಒಬ್ಬ ಬಿಳಿ ಯುವಕ ಸತ್ತ. ನದಿ ಆಚೆಯ ಅಗಸ್ಟಾದಿಂದ ಫಿರಂಗಿ ತಂದ್ರು. ಊರಿನ ಪೊಲೀಸು ಜೇಮ್ಸ್ ಕುಕ್‌ನನ್ನ ಕೊಂದ್ರು. ಮೋಸೆಸ್ ಪಾರ್ಕ್ಸ್‌ನನ್ನ ಕೊಂದ್ರು. ಸೆರೆ ಸಿಕ್ಕವರನ್ನ ರಾತ್ರಿಯಿಡೀ ಕೂರಿಸಿ, ಅವರಲ್ಲಿ ಆರಿಸಿ ಆರಿಸಿ ಒಬ್ಬೊಬ್ಬರನ್ನೇ ಎಬ್ಬಿಸಿಕೊಂಡು ಹೋಗಿ ಗುಂಡಿಕ್ಕಿದ್ರು. ಅಲನ್ ಅಟ್ಟವೇ. ಡೇವಿಡ್ ಫಿಲಿಪ್ಸ್. ಹ್ಯಾಂಪ್ಟನ್ ಸ್ಟೀಫನ್ಸ್. ಆಲ್ಬರ್ಟ್ ಮಿನಿಯಾರ್ಟ್.

'ಕೊಲೆ ನಡೆಯೋ ಹೊತ್ತಿಗೆ ನಾನು ಅಲ್ಲಿರಲಿಲ್ಲ, ಮೊದಲೇ ಹೊರಟಿದ್ದೆ' ಅನ್ನೋದು ಬಟ್ಲರ್‌ನ ವಾದ. ಸರಿ, ಒಪ್ಪಿಕೊಳ್ಳೋಣ. ಕೋರ್ಟಿನ ಕೇಸನ್ನ ಬಂದೂಕಿನ ಕೇಸಾಗಿ ತಿರುಗಿಸಿದವನು ಯಾರು? ಆ ದಂಡು ಯಾರ ಬೇಡಿಕೆ ಹಿಡಿದು ನಿಂತಿತ್ತು? ಬೆಂಕಿ ಹೊತ್ತಿಸಿ ಊಟಕ್ಕೆ ಮನೆಗೆ ಹೋದವನು 'ಸುಟ್ಟಾಗ ನಾನಿರಲಿಲ್ಲ' ಅಂದ್ರೆ ಅದು ಸಾಕ್ಷಿನಾ? ಟ್ರಿಗರ್ ಎಳೆಯೋಕೆ ಹುಡುಗರು, ಷರತ್ತು ಹಾಕೋಕೆ ಸಾಹೇಬರು. ಶಿಕ್ಷೆ ಅಂತ ಬಂದಾಗ ಇಬ್ಬರಿಗೂ ಇಲ್ಲ.

ಹೌದು, ಇಬ್ಬರಿಗೂ ಇಲ್ಲ. ರಿವರ್ಸ್ ನಡೆಸಿದ ಮರಣ ವಿಚಾರಣೆ 94 ಬಿಳಿಯರನ್ನ ಆರೋಪಿಗಳು ಅಂತ ಹೆಸರಿಸಿತು. ಒಬ್ಬನಿಗೂ ಶಿಕ್ಷೆ ಆಗಲಿಲ್ಲ. ಅದೇ ವರ್ಷದ ಚುನಾವಣೆಯಲ್ಲಿ ಕೆಂಪಂಗಿ ದಳಗಳು ಊರೂರಲ್ಲಿ ಕುದುರೆ ಓಡಿಸಿ ಕಪ್ಪು ಮತದಾರರನ್ನ ಹೆದರಿಸಿದ್ವು. ಯುದ್ಧದಲ್ಲಿ ಬಟ್ಲರ್‌ನ ಸೇನಾಧಿಕಾರಿಯಾಗಿದ್ದ ವೇಡ್ ಹ್ಯಾಂಪ್ಟನ್ ಗವರ್ನರ್ ಆದ. 1877ರ ಏಪ್ರಿಲ್‌ನಲ್ಲಿ ರಾಷ್ಟ್ರಪತಿ ಹೇಯ್ಸ್ ಸ್ಟೇಟ್‌ಹೌಸಿಗೆ ಕಾವಲಿದ್ದ ಕೇಂದ್ರದ ಸೈನಿಕರನ್ನ ವಾಪಸ್ ಕರೆಸಿದ. ಬಟ್ಲರ್ ಸೆನೆಟ್‌ಗೆ ಹೋದ.

ಹ್ಯಾಂಬರ್ಗ್ ಅವನ ಬದುಕಿಗೆ ಕಳಂಕ ಅಂತ ಕೆಲವರು ಮೃದುವಾಗಿ ಬರೀತಾರೆ. ಸುಳ್ಳು. ಅವನ ಜನರ ಕಣ್ಣಲ್ಲಿ ಅದು ಅವನ ಅರ್ಹತೆ. ಆ ದಿನ ಅಲ್ಲಿದ್ದ ಬೆನ್ ಟಿಲ್‌ಮನ್ ಅದನ್ನ ವೇದಿಕೆ ಮೇಲೆ ಹೆಮ್ಮೆಯಿಂದ ಹೇಳ್ಕೊಂಡು ಗವರ್ನರ್ ಆದ, 1894ರಲ್ಲಿ ಬಟ್ಲರ್‌ನನ್ನೇ ಸೋಲಿಸಿ ಅವನ ಸೆನೆಟ್ ಸೀಟು ಕಿತ್ತುಕೊಂಡ.

ಸೆನೆಟ್‌ನಲ್ಲಿ ಬಟ್ಲರ್ ಏನು ಮಾಡಿದ? 1890ರಲ್ಲಿ ಒಂದು ಮಸೂದೆ ತಂದ: ಕಪ್ಪು ಜನ ದಕ್ಷಿಣ ಬಿಟ್ಟು ಹೋಗೋಕೆ ಸರ್ಕಾರದ ದುಡ್ಡು. ಅದು ಪಾಸಾಗಲಿಲ್ಲ. ಆದ್ರೆ ಮನಸ್ಸು ನೋಡಿ! ಹತ್ತಿ ಬಿಡಿಸೋಕೆ ತಲೆಮಾರುಗಟ್ಟಲೆ ಬೇಕಾಗಿದ್ದವರು ಓಟು ಹಾಕೋಕೆ ನಿಂತಾಗ ದೇಶದಲ್ಲಿ ಜಾಗ ಇಲ್ಲ. 1898ರಲ್ಲಿ ಸ್ಪೇನ್ ಜೊತೆ ಯುದ್ಧ ಬಂದಾಗ, ತಾನು ಯಾವ ಸೇನೆಯ ವಿರುದ್ಧ ಹೋರಾಡಿದ್ದನೋ ಅದೇ ಸೇನೆಯ ಮೇಜರ್ ಜನರಲ್ ಪದವಿ ಅವನಿಗೆ ಕೊಟ್ರು. ಉತ್ತರ, ದಕ್ಷಿಣ ಒಂದಾಯ್ತು ಅಂತ ದೇಶ ಸಂಭ್ರಮಿಸ್ತು. ಒಂದಾಗಿದ್ದು ಬಿಳಿಯರು. ಹ್ಯಾಂಬರ್ಗ್‌ನ ವಿಧವೆಯರನ್ನ ಯಾರೂ ಕೇಳಲಿಲ್ಲ.

ಪ್ರಿನ್ಸ್ ರಿವರ್ಸ್ ಏನಾದ ಗೊತ್ತಾ? ನ್ಯಾಯಾಧೀಶನಾಗಿದ್ದವನು ಮತ್ತೆ ಸಾರೋಟು ಓಡಿಸಿದ. 1887ರಲ್ಲಿ ಸತ್ತ. ಹ್ಯಾಂಬರ್ಗ್‌ನಲ್ಲಿ ಸತ್ತ ಒಬ್ಬ ಬಿಳಿಯನಿಗೆ 1916ರಲ್ಲಿ ಪಕ್ಕದ ನಾರ್ತ್ ಅಗಸ್ಟಾದಲ್ಲಿ ಸ್ಮಾರಕ ಎದ್ದಿತು, ಬಿಳಿಯರ ನಾಗರಿಕತೆಯ ಮೇಲುಗೈಗೆ ಪ್ರಾಣ ಕೊಟ್ಟವನು ಅನ್ನೋ ಅರ್ಥದ ಬರಹದ ಜೊತೆ. ಆ ಕಲ್ಲಿನಲ್ಲಿ ಆರು ಕಪ್ಪು ಜನರ ಹೆಸರಿಲ್ಲ.

ಇನ್ನು ನಮ್ಮ ವಿಷಯ. ಜೋತಿಬಾ ಫುಲೆ 1873ರಲ್ಲಿ 'ಗುಲಾಮಗಿರಿ' ಪುಸ್ತಕವನ್ನ ಗುಲಾಮರ ಬಿಡುಗಡೆಗೆ ದುಡಿದ ಅಮೆರಿಕದ ಜನರಿಗೆ ಅರ್ಪಿಸಿದ್ರು. ಅದು ಭರವಸೆಯ ಕಾಲ. ಮೂರೇ ವರ್ಷಕ್ಕೆ ಹ್ಯಾಂಬರ್ಗ್ ನಡೀತು. 1945ರಲ್ಲಿ ಬಾಬಾಸಾಹೇಬರು ಕಾಂಗ್ರೆಸ್ ಮತ್ತು ಗಾಂಧಿ ಬಗ್ಗೆ ಬರೆದ ಪುಸ್ತಕದಲ್ಲಿ, ಅಮೆರಿಕದ ಕಪ್ಪು ಜನರಿಗೆ ಒದಗಿದ ಗತಿಯನ್ನ ಅಸ್ಪೃಶ್ಯರು ಮರೆಯೋಕಾಗಲ್ಲ ಅಂದ್ರು. ರಕ್ಷಣೆಯ ಖಾತ್ರಿ ಮೊದಲು ಕೊಡಿ ಅಂತ ಅವರು ಯಾಕೆ ಹಟ ಹಿಡಿದ್ರು ಅನ್ನೋದು ಈ ಇತಿಹಾಸ ಓದಿದ್ರೆ ಅರ್ಥ ಆಗುತ್ತೆ.

'ಸಂವಿಧಾನ ಇದೆಯಲ್ಲ, ಯಾಕೆ ಭಯ' ಅನ್ನೋ ಗೆಳೆಯರು ಇದನ್ನ ಗಮನಿಸಿ. ಬಣ್ಣದ ಕಾರಣಕ್ಕೆ ಓಟು ನಿರಾಕರಿಸಬಾರದು ಅನ್ನೋ 15ನೇ ತಿದ್ದುಪಡಿ ಅಮೆರಿಕದಲ್ಲಿ 1870ರಲ್ಲೇ ಬಂತು. ಅದನ್ನ ಯಾರೂ ರದ್ದು ಮಾಡಲಿಲ್ಲ. ಒಂದಕ್ಷರ ಅಳಿಸಲಿಲ್ಲ. ಮೊದಲು ಬಂದೂಕಿನಿಂದ, ಆಮೇಲೆ 1895ರ ರಾಜ್ಯ ಸಂವಿಧಾನದ ಓದುಬರಹದ ಪರೀಕ್ಷೆ, ತಲೆಗಂದಾಯಗಳಿಂದ ಓಟು ಕಿತ್ತುಕೊಂಡ್ರು. ಆ ಹಕ್ಕು ನಿಜವಾಗಿ ವಾಪಸ್ ಬರೋಕೆ 1965ರ ಮತದಾನ ಹಕ್ಕು ಕಾಯ್ದೆವರೆಗೆ ಕಾಯಬೇಕಾಯ್ತು. ಕಿತ್ತುಕೊಂಡವರು ಕಾಡಿನ ಡಕಾಯಿತರಾ? ವಕೀಲರು, ಶಾಸಕರು, ಸೆನೆಟರುಗಳು.

ಮುಂದಿನ ಶಿಬಿರದಲ್ಲಿ ಲಿಂಕನ್ ಪಾಠ ಮುಗಿದ ಮೇಲೆ ಹ್ಯಾಂಬರ್ಗ್ ಪಾಠ ಮಾಡಿ. ಬಟ್ಲರ್ ಹೆಸರು ಮರೆತರೂ ಪರವಾಗಿಲ್ಲ. ಆ ಆರು ಹೆಸರನ್ನ ಗಟ್ಟಿಯಾಗಿ ಓದಿಸಿ.

ಜೈ ಭೀಮ್.