ಹಳೇ ಅದಿರು ಗಿರಣಿಯಿಂದ ನೀರು ಬಿಟ್ಟರೆ ವಿಷ ಬಿಟ್ಟಂತೆಯೇ?

ಮಳೆಗಾಲ ಬಂತೆಂದರೆ ಇಂಥ ಸಂದೇಶಗಳ ಓಡಾಟ ಶುರು. ಮುಚ್ಚಿದ ಗಣಿಯ ಪಕ್ಕ ಕೊಳವೆಯಿಂದ ನೀರು ಹರಿಯುವ ಹದಿನೈದು ಸೆಕೆಂಡಿನ ವಿಡಿಯೋ, ಜೊತೆಗೆ "ವಿಷದ ನೀರು ಬಿಡ್ತಿದ್ದಾರೆ, ಎಲ್ಲರಿಗೂ ಕಳಿಸಿ" ಎಂಬ ಸಾಲು. ಗುಂಪಿನಲ್ಲಿ ಯಾರಾದರೊಬ್ಬರ ಉತ್ತರವೂ ಗ್ಯಾರಂಟಿ: "ಅದು ಮುಚ್ಚಿ ಇಪ್ಪತ್ತು ವರ್ಷ ಆಯ್ತು, ಈಗೆಲ್ಲಿಯ ವಿಷ?" ಇಬ್ಬರೂ ಅರ್ಧ ಸರಿ, ಅರ್ಧ ತಪ್ಪು. ಹೇಗೆ ಅಂತ ನೋಡೋಣ.

ಇಲ್ಲಿ ಗಿರಣಿ ಎಂದರೆ ಅಕ್ಕಿ ಗಿರಣಿಯಲ್ಲ. ಗಣಿಯಿಂದ ಬಂದ ಕಲ್ಲನ್ನು ಹಿಟ್ಟಿನಷ್ಟು ನುಣ್ಣಗೆ ಅರೆದು, ನೀರು ಮತ್ತು ರಾಸಾಯನಿಕ ಬೆರೆಸಿ ಲೋಹ ತೆಗೆಯುವ ಜಾಗ. ಒಂದು ಟನ್ ಕಲ್ಲಿಗೆ ಸಿಗುವ ಚಿನ್ನ ಕೆಲವೇ ಗ್ರಾಂ. ಉಳಿದದ್ದೆಲ್ಲ ಕೆಸರು. ಆ ಕೆಸರನ್ನು ಪಕ್ಕದಲ್ಲೇ ಒಡ್ಡು ಕಟ್ಟಿ ಸುರಿಯುತ್ತಾರೆ. ಕೆಜಿಎಫ್‌ನಲ್ಲಿ ಕಾಣುವ, ಸಿನಿಮಾ ಶೂಟಿಂಗ್ ಕೂಡ ನಡೆದಿರುವ ಸೈನೈಡ್ ದಿಬ್ಬಗಳು ಇಂಥವೇ.

ಗಿರಣಿ ನಿಂತ ದಿನ ನೀರು ನಿಲ್ಲುವುದಿಲ್ಲ. ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೇತುಹಾಕಿದರೆ ರಾತ್ರಿಯಿಡೀ ತೊಟ್ಟಿಕ್ಕುತ್ತದಲ್ಲ, ಹಾಗೆಯೇ ಕೆಸರಿನ ರಾಶಿ ತನ್ನದೇ ಭಾರಕ್ಕೆ ಕುಸಿಯುತ್ತಾ ವರ್ಷಗಟ್ಟಲೆ ನೀರು ಬಿಡುತ್ತದೆ. ಮೇಲಿನಿಂದ ಮಳೆ ಬೇರೆ.

ಅಮೆರಿಕದ ಯೂಟಾ ರಾಜ್ಯದ ಮೋಆಬ್ ಊರಿನ ಯುರೇನಿಯಂ ಗಿರಣಿ ಇದಕ್ಕೆ ಒಳ್ಳೆಯ ಉದಾಹರಣೆ. 1956ರಲ್ಲಿ ಶುರುವಾಗಿ 1984ರಲ್ಲಿ ನಿಂತುಹೋಯಿತು. ಕೊಲರಾಡೋ ನದಿಯ ದಡದಲ್ಲೇ, ಕೆಳಗೆ ಯಾವ ಹಾಸೂ ಇಲ್ಲದೆ, ಸುಮಾರು 1.6 ಕೋಟಿ ಟನ್ ಕೆಸರು ಉಳಿಯಿತು. ಅಲ್ಲಿ ಯಾರೂ ನೀರು "ಬಿಡಲಿಲ್ಲ". ಆದರೂ ಅಮೋನಿಯಾ ಮತ್ತು ಯುರೇನಿಯಂ ಬೆರೆತ ನೀರು ನೆಲದಡಿಯಲ್ಲೇ ಜಿನುಗಿ ನದಿ ಸೇರುತ್ತಿತ್ತು. ಅಳಿವಿನಂಚಿನಲ್ಲಿರುವ ಮೀನುಗಳ ಮರಿಗಳಿಗೆ ಆ ಅಮೋನಿಯಾ ಮಾರಕ. ವಿಡಿಯೋ ಮಾಡಲು ಅಲ್ಲಿ ಕಾಣುವಂಥದ್ದು ಏನೂ ಇರಲಿಲ್ಲ, ಅದೇ ತೊಂದರೆ.

ಪರಿಹಾರವೂ ನೀರಿನದ್ದೇ. ರಾಶಿಗೂ ನದಿಗೂ ನಡುವೆ ಬಾವಿಗಳನ್ನು ಕೊರೆದು ಕೆಟ್ಟ ನೀರನ್ನು ಮೇಲೆತ್ತಿದರು. ನದಿಯ ಅಂಚಿನಲ್ಲಿ ಒಳ್ಳೆಯ ನೀರನ್ನು ನೆಲಕ್ಕೆ ತುಂಬಿ, ಕೆಟ್ಟದ್ದು ಮುಂದೆ ಬಾರದಂತೆ ತಡೆದರು. ಅಷ್ಟಕ್ಕೂ ಸಾಲದೆ, 2009ರಿಂದ ಕೆಸರನ್ನೇ ರೈಲಿನಲ್ಲಿ ತುಂಬಿ ಸುಮಾರು 48 ಕಿಲೋಮೀಟರ್ ದೂರದ, ನದಿಯಿಂದ ಆಚೆಗಿನ ಒಣ ಬಯಲಿಗೆ ಸಾಗಿಸತೊಡಗಿದರು. ಮುಚ್ಚಿದ ಗಿರಣಿಯ ಹಿಂದೆ ಇಷ್ಟು ಕೆಲಸ!

ಹಾಗಾದರೆ ಒಂದು ಹನಿಯನ್ನೂ ಬಿಡದೆ ಹಿಡಿದಿಟ್ಟರೆ ಸುರಕ್ಷಿತವಲ್ಲವೇ? ನ್ಯೂ ಮೆಕ್ಸಿಕೋದ ಚರ್ಚ್ ರಾಕ್‌ನಲ್ಲಿ 1979ರ ಜುಲೈ 16ರ ಬೆಳಗಿನ ಜಾವ ಉತ್ತರ ಸಿಕ್ಕಿತು. ಅಲ್ಲಿನ ಯುರೇನಿಯಂ ಗಿರಣಿಯ ಮಣ್ಣಿನ ಒಡ್ಡಿನಲ್ಲಿ ಬಿರುಕುಗಳು ಮೊದಲೇ ಕಂಡಿದ್ದವು. ನೀರು ಮಾತ್ರ ಏರುತ್ತಲೇ ಇತ್ತು. ಒಡ್ಡು ಒಡೆದು ಸುಮಾರು 35 ಕೋಟಿ ಲೀಟರ್ ನೀರು, ಜೊತೆಗೆ 1,100 ಟನ್ ಕೆಸರು, ಪುಯೆರ್ಕೋ ನದಿಗೆ ನುಗ್ಗಿತು. ಆ ನೀರು ವಿಕಿರಣಶೀಲ, ಜೊತೆಗೆ ತೀಕ್ಷ್ಣ ಆಮ್ಲ. ನದಿಯನ್ನೇ ನಂಬಿ ಕುರಿ, ದನ ಸಾಕುತ್ತಿದ್ದ ನವಾಹೋ ಜನರ ಬದುಕು ಕೆಟ್ಟಿತು.

ನಮ್ಮ ಹಿರಿಯರಿಗೆ ಈ ಲೆಕ್ಕ ಗೊತ್ತಿತ್ತು. ಕೆರೆ ಕಟ್ಟುವಾಗಲೇ ಕೋಡಿ ಇಡುತ್ತಿದ್ದರು. ಕೋಡಿ ಬಿದ್ದರೆ ಬಾಗಿನ, ಏರಿ ಒಡೆದರೆ ಊರೇ ಇಲ್ಲ. ಗಿರಣಿಯ ಹೊಂಡದ ಕಷ್ಟವೆಂದರೆ ಅಲ್ಲಿನ ನೀರನ್ನು ಹಾಗೆಯೇ ಕೋಡಿ ಹರಿಸುವಂತಿಲ್ಲ. ಆದ್ದರಿಂದ ಸುತ್ತಲೂ ಕಾಲುವೆ ತೋಡಿ ಮಳೆಯ ಒಳ್ಳೆಯ ನೀರು ಹೊಂಡಕ್ಕೆ ಬೀಳದಂತೆ ಮೊದಲೇ ತಿರುಗಿಸಬೇಕು. ಒಳಗಿನದನ್ನು ಬಿಸಿಲಿಗೆ ಆವಿ ಮಾಡಬೇಕು, ಅಥವಾ ಸುಣ್ಣ ಹಾಕಿ ಆಮ್ಲ ತಗ್ಗಿಸಿ, ಲೋಹ ತಳಕ್ಕಿಳಿಸಿ, ಪರೀಕ್ಷಿಸಿ, ಅಳತೆ ಮಾಡಿ ಬಿಡಬೇಕು. ಆಗ ಕೊಳವೆಯಿಂದ ಹರಿಯುವ ನೀರು ದುರಂತವಲ್ಲ, ದುರಂತ ತಪ್ಪಿಸುವ ದಾರಿ. ಪರೀಕ್ಷೆಯೇ ಇಲ್ಲದೆ ಬಿಟ್ಟರೆ ಮಾತು ಬೇರೆ. ಅಂಥ ಕಡೆ ವಿಡಿಯೋ ಕಳಿಸಿದವರ ಸಿಟ್ಟು ನ್ಯಾಯವಾದದ್ದೇ.

ಇನ್ನು "ಈಗೆಲ್ಲಿಯ ವಿಷ" ಎನ್ನುವವರಿಗೆ. ಕೆಜಿಎಫ್ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಸೈನೈಡ್ ಬಿಸಿಲು, ಗಾಳಿಗೆ ಕಾಲಕ್ರಮೇಣ ಒಡೆಯುತ್ತದೆ, ಅದು ನಿಜ. ಆದರೆ ಅರೆದ ಕಲ್ಲಿನ ಸಲ್ಫೈಡ್ ಖನಿಜ ಗಾಳಿ ಮತ್ತು ಮಳೆ ಸೋಕಿದಂತೆಲ್ಲ ಆಮ್ಲವಾಗುತ್ತದೆ. ಆ ಆಮ್ಲ ಕಲ್ಲಿನೊಳಗಿನ ಲೋಹಗಳನ್ನು ಕರಗಿಸಿ ನೀರಿಗೆ ತರುತ್ತದೆ. ಲೋಹ ಸೈನೈಡ್‌ನಂತೆ ಒಡೆದು ಹೋಗುವ ವಸ್ತುವಲ್ಲ. ದಿಬ್ಬದ ಹೆಸರಿನಲ್ಲಿ ಸೈನೈಡ್ ಇರುವುದರಿಂದ ಎಲ್ಲರ ಗಮನ ಅದರ ಮೇಲೆಯೇ, ಉಳಿದದ್ದನ್ನು ಕೇಳುವವರು ಕಡಿಮೆ.

ಮುಂದಿನ ಸಲ ವಿಡಿಯೋ ಬಂದಾಗ ಬಣ್ಣ ನೋಡಿ ತೀರ್ಮಾನಿಸಬೇಡಿ. ಕಿತ್ತಳೆ ಬಣ್ಣ ಸಾಮಾನ್ಯವಾಗಿ ಕಬ್ಬಿಣದ ತುಕ್ಕು. ಕನ್ನಡಿಯಂತೆ ತಿಳಿಯಾದ ನೀರಿನಲ್ಲೂ ಆರ್ಸೆನಿಕ್ ಇರಬಹುದು, ಕುದಿಸಿದರೂ ಅದು ಹೋಗುವುದಿಲ್ಲ. ಜಾಗ ಯಾವುದು, ಯಾವ ದಿನದ್ದು ಎಂದು ಕಳಿಸಿದವರನ್ನೇ ಕೇಳಿ. ನಿಮ್ಮೂರಿನದೇ ಆಗಿದ್ದರೆ ದನಕರುಗಳನ್ನು ಆ ನೀರಿಗೆ ಬಿಡಬೇಡಿ, ನೀರಿನ ಪರೀಕ್ಷೆಯ ವರದಿ ಕೊಡಿ ಎಂದು ಪಂಚಾಯಿತಿಯಲ್ಲೂ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲೂ ಬರೆದು ಕೇಳಿ.