ಕಾವೇರಿಯ ತಾಮ್ರ ಯಾವ ರೂಪದಲ್ಲಿದೆ?

ಮಳೆಗಾಲದಲ್ಲಿ ಕೊಡಗಿನ ತೊರೆಗಳು ಕೆಂಪಾಗಿ ಹರಿಯುತ್ತವೆ. ಆ ಕೆಂಪನ್ನು ಬರೀ ಮಣ್ಣೆಂದು ಭಾವಿಸಿ ನಾವು ಸುಮ್ಮನಾಗುತ್ತೇವೆ. ಆದರೆ ಅದರಲ್ಲಿ ಕಬ್ಬಿಣದ ಆಕ್ಸೈಡ್ ಮತ್ತು ಜೇಡಿಯ ಅತಿಸೂಕ್ಷ್ಮ ಕಣಗಳಿವೆ. ಅನೇಕವು ನೂರು ನ್ಯಾನೊಮೀಟರಿಗಿಂತಲೂ ಚಿಕ್ಕವು. ನ್ಯಾನೊಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲೊಂದು ಪಾಲು. ನ್ಯಾನೊ ಕಣಗಳು ಕಾರ್ಖಾನೆಯಲ್ಲಷ್ಟೇ ಹುಟ್ಟುವುದಿಲ್ಲ.

ಈ ಕಣಗಳ ಗಾತ್ರ ಅಲ್ಪವಾದರೂ ಒಟ್ಟು ಮೇಲ್ಮೈ ಅಪಾರ. ಕೊಳೆತ ತರಗೆಲೆಯಿಂದ ನೀರಿಗಿಳಿಯುವ ಸಾವಯವ ದ್ರವ್ಯ ಅವುಗಳಿಗೆ ಲೇಪದಂತೆ ಅಂಟಿ, ಒಂದಕ್ಕೊಂದು ಕೂಡಿ ತಳ ಸೇರದಂತೆ ತಡೆಯುತ್ತದೆ. ಆ ಲೇಪವೇ ತಾಮ್ರದಂತಹ ಲೋಹವನ್ನೂ ಹಿಡಿದುಕೊಳ್ಳುತ್ತದೆ. ಕೊಡಗಿನ ತೋಟಗಳಿಗೆ ತಾಮ್ರ ಹೊಸದಲ್ಲ. ಕಾಫಿಯ ಎಲೆ ತುಕ್ಕು ರೋಗಕ್ಕೂ ಕಾಳುಮೆಣಸಿನ ಸೊರಗು ರೋಗಕ್ಕೂ ಮೈಲುತುತ್ತು ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಬಹುಕಾಲದಿಂದ ಸಿಂಪಡಿಸಲಾಗುತ್ತಿದೆ. ತಾಮ್ರ ಕೊಳೆತು ಇಲ್ಲವಾಗುವ ವಸ್ತುವಲ್ಲ. ಮಣ್ಣಿನಲ್ಲಿ ಉಳಿದು, ಮಣ್ಣು ಕೊಚ್ಚಿಹೋದಾಗ ಅದರೊಂದಿಗೆ ಹೊರಡುತ್ತದೆ.

ಇದೆಲ್ಲವೂ ಕೇಡೆಂದು ಹೇಳಲಾಗದು. ಮೀನಿಗೂ ಪಾಚಿಗೂ ಮುಖ್ಯವಾಗಿ ಮಾರಕವಾಗುವುದು ಬಿಡಿಯಾದ ತಾಮ್ರದ ಅಯಾನು. ಸಾವಯವ ದ್ರವ್ಯ ಅದನ್ನು ಕಟ್ಟಿಹಾಕಿದಾಗ ವಿಷ ಕುಗ್ಗುತ್ತದೆ. ಆದರೆ ಆ ಕಟ್ಟೇ ಲೋಹವನ್ನು ದೂರ ಸಾಗಿಸುವ ವಾಹನವೂ ಆಗುತ್ತದೆ; ನೀರು ಆಮ್ಲೀಯವಾದರೆ ಕಟ್ಟು ಸಡಿಲುತ್ತದೆ. ಕಾಫಿ ಪಲ್ಪಿಂಗ್‌ನ ತ್ಯಾಜ್ಯನೀರು ಆಮ್ಲೀಯವಾದುದು. ಹೊಳೆಗಳು ಸೊರಗುವ ಕೊಯ್ಲಿನ ತಿಂಗಳುಗಳಲ್ಲೇ ಅದು ಸಂಸ್ಕರಣೆಯಿಲ್ಲದೆ ತೊರೆ ಸೇರುವುದು ಈ ಕಾರಣಕ್ಕೂ ಅಪಾಯಕಾರಿ.

ನಮ್ಮ ಅಳತೆಗೆ ಈ ವ್ಯತ್ಯಾಸ ಕಾಣುವುದಿಲ್ಲ. ಪ್ರಯೋಗಾಲಯದ ರೂಢಿಯಲ್ಲಿ 0.45 ಮೈಕ್ರೊಮೀಟರ್, ಅಂದರೆ 450 ನ್ಯಾನೊಮೀಟರ್ ರಂಧ್ರದ ಸೋಸುಹಾಳೆಯನ್ನು ದಾಟಿದ್ದೆಲ್ಲವೂ ‘ಕರಗಿದ್ದು’. ಕಣಕ್ಕೆ ಅಂಟಿದ ತಾಮ್ರವೂ ಬಿಡಿ ತಾಮ್ರವೂ ಒಂದೇ ಅಂಕಿಯಾಗುತ್ತವೆ. ಕುಡಿಯುವ ನೀರಿನ 2012ರ ಭಾರತೀಯ ಮಾನಕ ಲೀಟರಿಗೆ 0.05 ಮಿಲಿಗ್ರಾಂ ತಾಮ್ರವನ್ನು ಸ್ವೀಕಾರಾರ್ಹ ಮಿತಿಯೆನ್ನುತ್ತದೆ. ಅದು ಯಾವ ರೂಪದಲ್ಲಿದೆಯೆಂದು ಕೇಳುವುದಿಲ್ಲ.

2024ರಲ್ಲಿ ಕೇಂದ್ರ ಸರ್ಕಾರ ದ್ರವರೂಪದ ನ್ಯಾನೊ ತಾಮ್ರವನ್ನೂ ಗೊಬ್ಬರವಾಗಿ ಅಧಿಸೂಚಿಸಿತು. ಅಲ್ಪ ಪ್ರಮಾಣವೇ ಸಾಕೆಂಬ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಹೊಸ ಕಣಗಳು ತೋಟಕ್ಕೆ ಬರುವ ಮುನ್ನ ಹಳೆಯ ತಾಮ್ರದ ಲೆಕ್ಕ ನಮ್ಮ ಕೈಯಲ್ಲಿರಬೇಕು. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರವೂ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯೂ ಕೂಡಿ ತೋಟಗಳ ಕೆಳಗಿನ ತೊರೆಗಳನ್ನು ಮಳೆಗಾಲದಲ್ಲೂ ಪಲ್ಪಿಂಗ್ ಕಾಲದಲ್ಲೂ ಪರೀಕ್ಷಿಸಲಿ; ತಾಮ್ರದ ಪ್ರಮಾಣದ ಜೊತೆಗೆ ಅದರ ರೂಪ, ಸಾವಯವ ಇಂಗಾಲ, ಆಮ್ಲೀಯತೆಗಳನ್ನೂ ಅಳೆದು ಜನರ ಮುಂದಿಡಲಿ.

ಕಾವೇರಿಯ ಪಾಲಿಗಾಗಿ ನಾವು ಟಿಎಂಸಿ ಲೆಕ್ಕದಲ್ಲಿ ದಶಕಗಳ ಕಾಲ ವಾದಿಸಿದ್ದೇವೆ. ಬೆಂಗಳೂರಿನ ನಲ್ಲಿಗೂ ಬರುವ ಆ ನೀರಿನೊಳಗೆ ಏನಿದೆಯೆಂಬುದನ್ನು ಅಷ್ಟೇ ಹಟದಿಂದ ಕೇಳಬೇಕು.